ಸತ್ತ ಹವಾಲ್ದಾರನ ಕೊಲೆ

ಸತ್ತವನನ್ನು ಮತ್ತೆ ಕೊಲ್ಲಬಹುದೇ ಎಂದು ಯಾರಾದರೂ ಕೇಳಿದರೆ, ಕೊಲ್ಲಬಹುದು ಎನ್ನುತ್ತೇನೆ. ನಮ್ಮ ಠಾಣೆಯಲ್ಲೇ ಅಂಥದ್ದೊಂದು ನಡೆಯಿತು. ಹಾಡಹಗಲಲ್ಲಿ, ನಾನು ಎದುರಿನ ಅಂಗಡಿಯಲ್ಲಿ ಗಿರ್ಮಿಟ್ ತಿನ್ನುತ್ತ ಕೂತಿದ್ದಾಗ ನಡೆಯಿತು. ಆ ಗಿರ್ಮಿಟ್ಟಿನ ಖಾರ ಇವತ್ತಿಗೂ ನನ್ನ ಗಂಟಲಲ್ಲಿದೆ.

ನಾನು ಅಮಸಿದ್ದಪ್ಪ, ರಬಕವಿ-ಬನಹಟ್ಟಿ ಜೋಡಿ ಊರಿನ ಠಾಣೆಯ ಹೆಡ್ ಕಾನ್‌ಸ್ಟೆಬಲ್. ಹಣೆಗೆ ಬೀರೇಶ್ವರನ ಭಂಡಾರದ ಅರಿಶಿನ ಇಲ್ಲದೆ ಮನೆ ಬಿಡುವವನಲ್ಲ. ಭಂಡಾರ ಇದ್ದರೂ ಅಂಜುವವನೇ, ಅದನ್ನೇನು ಮುಚ್ಚಿಡುವುದು! ನಮ್ಮ ಠಾಣೆಯಲ್ಲಿ ಅಂಜದೆ ಕೆಲಸ ಮಾಡುತ್ತೇನೆ ಎನ್ನುವವನು ಒಂದೋ ಸುಳ್ಳುಗಾರ, ಇಲ್ಲವೇ ಸತ್ತವನು. ಸತ್ತವರೂ ನಮ್ಮಲ್ಲಿದ್ದರು. ರಬಕವಿ ಕ್ರಾಸಿನ ಬೇವಿನ ಮರದಲ್ಲಿ ಒಂದು ಬೇತಾಳ ಕೂತು ಸೀಟಿ ಊದುತ್ತ ಟ್ರಾಫಿಕ್ ನೋಡಿಕೊಳ್ಳುತ್ತಿತ್ತು. ಬನಹಟ್ಟಿಯ ಆಟೋದವರು ಅದಕ್ಕೂ ಕ್ಯಾರೇ ಅನ್ನುತ್ತಿರಲಿಲ್ಲ, ಆ ಮಾತು ಬೇರೆ. ಆದರೆ ಠಾಣೆಯ ಮರ್ಯಾದೆ ಉಳಿದಿದ್ದು ಗಿರಮಲ್ಲಪ್ಪ ಹವಾಲ್ದಾರನಿಂದ.

ಗಿರಮಲ್ಲಪ್ಪ ಬದುಕಿದ್ದಾಗ ಸೈಕಲ್ ಕಳ್ಳನೊಬ್ಬನ ಬೆನ್ನು ಹತ್ತಿ ಓಡುತ್ತ ಠಾಣೆಯ ಹಿತ್ತಲ ಬಾವಿಗೆ ಬಿದ್ದು ಸತ್ತಿದ್ದ. ಕಳ್ಳನು ಠಾಣೆಯ ಹಿತ್ತಲಿಗೇ ಯಾಕೆ ಓಡಿದ ಎಂಬುದು ಇನ್ನೂ ಬಗೆಹರಿದಿಲ್ಲ. ನಿವೃತ್ತಿಯ ಆದೇಶ ಕೈಗೆ ಬಂದಿರಲಿಲ್ಲವಾದ್ದರಿಂದ ಸತ್ತ ಮೇಲೂ ಅವನು ಡ್ಯೂಟಿ ಬಿಡಲಿಲ್ಲ. ವಾಸವೆಲ್ಲ ಬಾವಿಯ ನೀರಿನಲ್ಲಿ. ಕೊಡ ಇಳಿಸಿ, ಹೆಸರು ಹಿಡಿದು, "ಡ್ಯೂಟಿಗೆ ಬರ್ರಿ" ಎಂದು ಕರೆದರೆ ಕೊಡದೊಳಗೆ ಬಂದು ಕೂರುತ್ತಿದ್ದ. ಕರೆಯದೆ ಬರುವವನಲ್ಲ, ಅಷ್ಟು ಶಿಸ್ತು. ಕಣ್ಣಿಗೆ ಕಾಣುತ್ತಿರಲಿಲ್ಲ, ದನಿ ಮಾತ್ರ. ಬಾವಿಯ ಮೀನುಗಳು ಮೀಸೆ ಕಚ್ಚುತ್ತವೆ ಎಂದು ದಿನಾ ಬೆಳಗ್ಗೆ ನನ್ನ ಮುಂದೆ ದೂರು ಹೇಳುತ್ತಿದ್ದ. ಅವನಿಗಿದ್ದ ಭಯ ಒಂದೇ. ಬಿಸಿ ನೆಲಕ್ಕೆ ಬಿದ್ದರೆ ನೀರು ಆರುವುದರೊಳಗೆ ತಾನೂ ಆರಿ ಹೋಗುತ್ತೇನೆ, ಅಲ್ಲಿಗೆ ಮುಗಿಯಿತು ಎಂದು ಅವನೇ ಹೇಳಿದ್ದ.

ಮೂರನೇ ಖೋಲಿಯಲ್ಲಿದ್ದ ಕೈದಿಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಆ ಕೈದಿಗೆ ಹೆಸರಿಡುವ ಧೈರ್ಯ ಯಾರಿಗೂ ಬಂದಿರಲಿಲ್ಲ. ನಾವು 'ಮೂರನೇ ಖೋಲಿಯದು' ಎನ್ನುತ್ತಿದ್ದೆವು. ಬಾಡಗಂಡಿ ಕಡೆಯ ಕಬ್ಬಿನ ಹೊಲದೊಳಗಿನ ಕತ್ತಲಲ್ಲಿ ಬೆಳೆದದ್ದು ಅದು. ಕಟಾವು ಮುಗಿದು ನೆಲ ಬಯಲಾದಾಗ ನೆಲೆ ತಪ್ಪಿ ಊರಿಗೆ ಬಂದು, ಮಟಮಟ ಮಧ್ಯಾಹ್ನ ಜನರ ನೆರಳು ನುಂಗತೊಡಗಿತು. ನೆರಳು ಕಳಕೊಂಡವರು ಉಣ್ಣುವುದು ಬಿಡುತ್ತಿದ್ದರು. ಸುಡುವ ಬೇಸಿಗೆಯಲ್ಲೂ ಚಳಿ ಎನ್ನುತ್ತಿದ್ದರು. ಗಲಗಲಿಯಲ್ಲಿ ಹೊಳೆಯ ಮೀನು ಹಿಡಿಯುತ್ತಿದ್ದ ಗಂಗಾರಾಮ ಹೀಗೇ ತೆಳ್ಳಗಾಗುತ್ತ ಹೋದ. ಒಂದು ಮುಂಜಾನೆ ಹೆಂಡತಿ ಕೌದಿ ಸರಿಸಿ ನೋಡಿದರೆ ಹಾಸಿಗೆಯಲ್ಲಿ ಏನೂ ಇರಲಿಲ್ಲ.

ಅದನ್ನು ಹಿಡಿದು ತಂದವರು ನಮ್ಮ ಎ.ಎಸ್.ಐ. ಮಹಾದೇವಿ ಅಕ್ಕಾವರು. ಗಿರಮಲ್ಲಪ್ಪನಿಗೆ ನೆರಳೇ ಇಲ್ಲ, ತಿನ್ನಲು ಏನೂ ಇಲ್ಲದವನನ್ನು ಕಂಡು ಅದು ಹಿಂಜರಿಯುತ್ತದೆ ಎಂಬುದನ್ನು ಕಂಡುಕೊಂಡವರೂ ಅವರೇ. ಅಂದಿನಿಂದ ಹವಾಲ್ದಾರನ ಕೊಡ ಹಗಲೂ ರಾತ್ರಿ ಆ ಖೋಲಿಯ ಹೊಸ್ತಿಲಲ್ಲಿ ಕೂತಿತು.

ಅಕ್ಕಾವರು ತೇರದಾಳದ ಜೈನ ಮನೆತನದವರು. ಅವರ ಕಚೇರಿ ಮೆಟ್ಟಿಲ ಕೆಳಗಿನ ಸಂದಿ. ಅಲ್ಲಿನ ನಳದ ಬಾಯಿಗೆ ಯಾವಾಗಲೂ ಬಿಳಿ ಬಟ್ಟೆಯ ಚೀಲ ಕಟ್ಟಿರುತ್ತಿತ್ತು. "ನಳಕ್ಕೂ ಹಲ್ಲುನೋವು ಬಂದೈತೇನ್ರಿ, ಗಲ್ಲಕ್ಕ ಪಟ್ಟಿ ಕಟ್ಟೀರಿ" ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. "ನೀರಾಗ ಜೀವ ಇರತಾವ ಅಮಸಿದ್ದಪ್ಪಾ" ಎಂದಷ್ಟೇ ಹೇಳಿ ಅವರು ಫೈಲಿಗೆ ತಲೆ ಬಗ್ಗಿಸುತ್ತಿದ್ದರು. ಸಂಜೆ ಹೊತ್ತು ಮುಳುಗುವ ಮೊದಲು ಅವರೂ ಕಾನ್‌ಸ್ಟೆಬಲ್ ಕ್ಷಮಾಳೂ ಒಂದೇ ಡಬ್ಬಿ ಬಿಚ್ಚಿ ಉಣ್ಣುತ್ತಿದ್ದರು. ಆಮೇಲೆ ಯಾರು ಏನೇ ಕೊಟ್ಟರೂ ಬಾಯಿಗೆ ಹಾಕುತ್ತಿರಲಿಲ್ಲ.

ಆ ದಿನ ಕೊಡದ ನೀರು ಬದಲಿಸುವ ಪಾಳಿ ನನ್ನದು. ಹಳೇ ನೀರು ಬಾವಿಗೆ ಬಿಟ್ಟು, ಹವಾಲ್ದಾರನನ್ನು ಹೊಸ ನೀರಿಗೆ ಕರೆದು, ಮೀನಿನ ದೂರು ಕೇಳಿ, ಕೊಡವನ್ನು ಹೊಸ್ತಿಲಲ್ಲಿಟ್ಟು ನಾಷ್ಟಾಕ್ಕೆ ಹೋದೆ. ಆಗ ಠಾಣೆಯಲ್ಲಿದ್ದವರು ಇಬ್ಬರೇ. ಪಿ.ಎಸ್.ಐ. ಯುವರಾಜ ಸಾಹೇಬರು ಮಾಳಿಗೆಯ ಮೇಲೆ ಫೋನಿನಲ್ಲಿ ಯಾರನ್ನೋ ಬೈಯುತ್ತಿದ್ದರು. ಕ್ಷಮಾ ಬಾಗಿಲ ಮೇಜಿನಲ್ಲಿದ್ದಳು. ಗಿರ್ಮಿಟ್ ಅರ್ಧ ಮುಗಿಯುವಾಗ ಮಹಾದೇವಿ ಅಕ್ಕಾವರು ಜಮಖಂಡಿ ಬಸ್ಸಿನಿಂದ ಇಳಿದು ಅಂಗಡಿಗೇ ಬಂದರು. ನಾನು ತಿಂದು ಕೈ ತೊಳೆದ ಮೇಲೆ ಕೂಡಿಯೇ ಒಳಗೆ ಹೋದೆವು.

ಕೊಡ ಹೊಸ್ತಿಲಲ್ಲಿ ಮಗ್ಗುಲಾಗಿ ಮಲಗಿತ್ತು. ನೀರೆಲ್ಲ ಕಲ್ಲಿನ ಹಾಸಿನ ಮೇಲೆ ಹರಿದು, ಬೆಳಕಿಂಡಿಯಿಂದ ಬೀಳುವ ಬಿಸಿಲಿಗೆ ಆರುತ್ತಲಿತ್ತು. ನಾನು ಮೊಣಕಾಲೂರಿ, "ಹವಾಲ್ದಾರ್ರ! ಹವಾಲ್ದಾರ್ರ!" ಎಂದು ಕೂಗಿದೆ. ಕೊನೆಯ ತೇವ ನನ್ನ ಕಣ್ಣೆದುರೇ ಕಲ್ಲಿನೊಳಗೆ ಇಂಗಿತು. ಯಾರೂ ಓಗೊಡಲಿಲ್ಲ.

ಖೋಲಿಯೊಳಗಿನ ಕತ್ತಲು ಸಣ್ಣಗೆ ನಕ್ಕಿತು.

"ಹೊತ್ತ ಮುಳುಗಲಿ" ಎಂದಿತು ಗಂಗಾರಾಮನ ದನಿಯಲ್ಲಿ. ನುಂಗಿದವರ ದನಿಯಲ್ಲೇ ಅದು ಮಾತಾಡುತ್ತಿತ್ತು. "ಊರ ನೆರಳೆಲ್ಲಾ ಒಂದಾಗಲಿ. ಆಮ್ಯಾಲ ಈ ಸರಳು ನನಗ ಯಾವ ಲೆಕ್ಕ."

ಯುವರಾಜ ಸಾಹೇಬರು ಮಾಳಿಗೆಯಿಂದ ದಡದಡ ಇಳಿದು ಬಂದರು. ನೋಡಿದವರೇ ನನ್ನ ಮೇಲೆ ಹರಿಹಾಯ್ದರು. "ಲೇ ಅಮಸಿದ್ದ್ಯಾ, ಕೊಡ ಇಟ್ಟಾಂವ ನೀನು. ಹೊಟ್ಟಿ ತುಂಬಿಸ್ಕೊಳ್ಳಾಕ ಹೋಗಿ ಹವಾಲ್ದಾರನ್ನ ಕೊಂದ್ಯಲ್ಲೋ! ಕ್ಯಾಮೆರಾ ಹಾಕೂಣು, ಬಾವಿಗಿ ಜಾಳಿಗಿ ಮುಚ್ಚೂಣು ಅಂತ ನಾ ಬಡಕೊಂಡೆ. ಯಾರು ಕೇಳತೀರಿ?" ಅವರು ಕ್ಯಾಮೆರಾ ಹಾಕಿಸಿಯೇ ಇದ್ದರು. ಮೂರನೇ ಖೋಲಿಯ ಕಡೆ ತಿರುಗಿಸಿದ್ದಕ್ಕೆ ಅದರಲ್ಲಿ ಕಪ್ಪು ಬಿಟ್ಟು ಏನೂ ಮೂಡುತ್ತಿರಲಿಲ್ಲ. ಸಾಹೇಬರು ತಮ್ಮ ಕೋಣೆಗೆ ಹೋದವರು ಅಲ್ಲಿಂದಲೂ ಕೂಗಿದರು. "ಇದರಾಗ ನನ್ನ ಟೇಬಲ್ ಕ್ಲಾತ್ ಮ್ಯಾಲ ಯಾರೋ ಚಹಾ ಚೆಲ್ಲ್ಯಾರ! ಹಸಿ ಹಸಿ ಐತಿ!"

ಅಕ್ಕಾವರು ಯಾರ ಮಾತಿಗೂ ಕಿವಿಗೊಡಲಿಲ್ಲ. ಕೊಡವನ್ನು ತಿರುತಿರುಗಿಸಿ ನೋಡಿದರು. ಎಲ್ಲೂ ಹೊಸ ನೆಗ್ಗು ಇರಲಿಲ್ಲ. ಆರಿದ ಕಲ್ಲಿನ ಮೇಲೆ ಅಂಗೈ ಸವರಿ, ನನ್ನ ಕಡೆ ಚಾಚಿದರು.

"ಏನೈತಿ ನೋಡು."

"ಏನಿಲ್ರಿ. ಸ್ವಚ್ಛ ಐತಿ."

"ದಿನಾ ಹಿಂಗಾ ಇರತೈತೇನು?"

ಇರುತ್ತಿರಲಿಲ್ಲ. ಬಾವಿಯ ಮೇಲೆ ಬೇವಿನ ಕೊಂಬೆ ಚಾಚಿಕೊಂಡಿದೆ. ಅದು ಬೇವು ಹೂ ಬಿಡುವ ಕಾಲ. ಆ ನೀರು ಚೆಲ್ಲಿದಾಗೆಲ್ಲ ಪಾಚಿಯ ಎಳೆ, ಹೂವಿನ ಪುಡಿ ಕಲ್ಲಿಗೆ ಅಂಟಿರುತ್ತಿತ್ತು. ಒರೆಸಿ ಒರೆಸಿ ನನ್ನ ಸೊಂಟ ಬಿದ್ದಿತ್ತು. ಹಾಗೆಂದೆ. ಅಕ್ಕಾವರು "ಹೂಂ" ಎಂದು ಹಿತ್ತಲಿಗೆ ನಡೆದರು.

ಬಾವಿಯ ಕಟ್ಟೆಯ ಮೇಲೆ ಕಂಡದ್ದನ್ನು ನೋಡಿ ನಾನು ಕಿಸೆಯ ಭಂಡಾರದ ಚೀಲಕ್ಕೆ ಕೈ ಹಾಕಿದೆ. ಒಂದು ಹಿತ್ತಾಳೆಯ ಚರಿಗೆ ಬೋರಲಾಗಿತ್ತು. ಅದರ ತಳಕ್ಕೆ ಒಂದು ಬಳೆ, ಆ ಬಳೆಗೆ ಸಣ್ಣ ಹಗ್ಗ. ಬಾಯಿಗೆ ಹಗ್ಗ ಕಟ್ಟುವ ಚರಿಗೆ ಕಂಡಿದ್ದೇನೆ, ತಳಕ್ಕೆ ಕಟ್ಟಿದ್ದನ್ನು ಕಂಡವನಲ್ಲ.

"ಮಾಟ ಮಾಡ್ಯಾರ್ರೀ ಅಕ್ಕಾರ! ತಳಮ್ಯಾಲ ಮಾಡಿ ಇಳಿಸ್ಯಾರ!"

ಹಿಂದೆ ಬಂದ ಯುವರಾಜ ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದರು. "ಅದು ಬಾಜೂ ಮನಿ ನೂಲಿನ ವ್ಯಾಪಾರಿ ಭೂಪಾಲನ ಚರಿಗಿ. ದಿನಾ ಇಲ್ಲೆ ನೀರ ಸೇದತಾನ, ಇಲ್ಲೇ ಇಟ್ಟ ಹೋಗತಾನ. ಬಾವ್ಯಾಗ ಪೋಲೀಸ್ ದೆವ್ವ ಇರಬಾರದು ಅಂತ ನನ್ನ ಮುಂದ ಜಗಳಾನೂ ಮಾಡಿದ್ದ. ಹಿಡಕೊಂಡ ಬರ್ರಿ ಅವನ್ನ! ಯಾರೂ ಬಾವಿ ಮುಟ್ಟಬ್ಯಾಡ್ರಿ!" ಎಂದು ಬಾವಿಯ ಸುತ್ತ ಪಟ್ಟಿ ಕಟ್ಟಿಸಿದರು.

ಅಕ್ಕಾವರು ಭೂಪಾಲನಿಗೆ ಫೋನು ಮಾಡಿದರು. ನನಗೆ ಕೇಳಿದ್ದು ಇವರ ಮಾತು ಮಾತ್ರ. "ನಿನ್ನಿಯಿಂದ ತೇರದಾಳದಾಗ ಇದ್ದೀರಾ? ... ಮನ್ಯಾಗ ಯಾರೂ ಇಲ್ಲಾ? ... ನಿಮ್ಮ ಬಟ್ಟಿ? ಅದೂ ನಿಮ್ಮ ಜೋಡಿನ ಐತಿ? ... ಆತು, ಸಂಜಿಗಿ ಬರ್ರಿ." ಫೋನಿಟ್ಟು, ಸಾಹೇಬರ ಕೋಣೆಗೆ ಹೋಗಿ, ಮೇಜಿನ ದಪ್ಪ ಬಿಳಿ ಹಾಸನ್ನು ಮೂಗಿಗೆ ಹಿಡಿದು ಮೂಸಿದರು. ಅಲ್ಲಲ್ಲಿ ಹಳೇ ಚಹಾದ ಕಲೆ ಇದ್ದವು, ಎಲ್ಲ ಒಣಗಿದವು. ಹಸಿಯಾಗಿದ್ದದ್ದು ನಡುವೆ, ದುಂಡಗೆ. ಅಲ್ಲಿ ಬಟ್ಟೆ ಜೋತು ಬಿದ್ದಂತಿತ್ತು.

ಊರು ಸುಮ್ಮನಿರಲಿಲ್ಲ. ಮಧ್ಯಾಹ್ನ ದಾಟಿದ ಮೇಲೆ ನೆರಳು ಮೂಡಣಕ್ಕೆ ಚಾಚಬೇಕಲ್ಲ? ಆ ದಿನ ಚಾಚಲಿಲ್ಲ. ಕಂಬದ್ದು, ಆಟೋದ್ದು, ದಾರಿಹೋಕರದ್ದು, ಎಲ್ಲ ನೆರಳೂ ಠಾಣೆಯ ಕಡೆಗೇ ಬಾಗಿ ನಿಂತವು. ಬನಹಟ್ಟಿಯ ಪಾವರ್‌ಲೂಮ್‌ಗಳು ಒಂದೊಂದಾಗಿ ನಿಂತವು. ಟ್ಯೂಬ್‌ಲೈಟಿನ ಕೆಳಗೂ ನೇಕಾರರ ನೆರಳು ಒಂದೇ ಗೋಡೆಗೆ ಓಡಿ ಅಂಟಿಕೊಂಡಿತ್ತಂತೆ. ಹುಟ್ಟಿದಾಗಿನಿಂದ ಆ ಕಟಕಟ ಕೇಳಿಯೇ ಬೆಳೆದ ಜನ ನಾವು. ಅದು ನಿಂತಾಗ ಎದೆಯೇ ನಿಂತ ಹಾಗಾಯಿತು. ಕ್ರಾಸಿನ ಬೇತಾಳ ಸೀಟಿ ಬಿಸಾಡಿ ಮರದ ತುದಿಗೆ ಹತ್ತಿತು. ಆಟೋದವರು ಮೊದಲ ಸಲ ಲೈನಿನಲ್ಲಿ ನಿಂತರು.

ಸಾಹೇಬರು ನನ್ನನ್ನೇ ಮೂರನೇ ಖೋಲಿಯ ಮುಂದೆ ಕಾವಲಿಗೆ ನಿಲ್ಲಿಸಿದರು. "ನಿನ್ನ ತಪ್ಪು, ನೀನಾ ನಿಲ್ಲು" ಎಂದರು. ಭಂಡಾರದ ಚೀಲ ಕೈಯಲ್ಲಿ ಗಟ್ಟಿಯಾಗಿ ಹಿಡಿದು ನಿಂತೆ. ಸರಳುಗಳ ಆಚೆ ಏನೂ ಕಾಣುತ್ತಿರಲಿಲ್ಲ. ಕಾಣದ್ದೇ ಹೆಚ್ಚು ಹೆದರಿಸುತ್ತಿತ್ತು. ಕಬ್ಬಿನ ಒಣ ಗರಿ, ರವುದಿ, ತುಳಿದಂತೆ ಒಳಗೆ ಸರಸರ ಸದ್ದು. ನೆಲ ನೋಡಿದೆ. ನನ್ನ ನೆರಳು ನನ್ನ ಕಾಲು ಬಿಟ್ಟು ಹೋಗಲು ಜಗ್ಗುತ್ತ, ತಲೆಯನ್ನು ಸರಳಿನ ನಡುವೆ ತೂರಿಸಿತ್ತು. ಎಡಗಿವಿಯ ಹತ್ತಿರ ಥಣ್ಣಗೆ ಏನೋ ನೆಕ್ಕಿದಂತಾಯಿತು. ನಾನು ಚೀರಿ ಹಿಂದಕ್ಕೆ ಹಾರಿದೆ. ಅಷ್ಟರಲ್ಲಿ ಆಗುವುದು ಆಗಿಹೋಗಿತ್ತು. ಇವತ್ತಿಗೂ ನನ್ನ ನೆರಳಿಗೆ ಎಡಗಿವಿ ಇಲ್ಲ. ಬಿಸಿಲಲ್ಲಿ ನಿಂತಾಗ ನನ್ನ ಹೆಂಡತಿ ಸೋಮವ್ವ ನಗುತ್ತಾಳೆ.

ನನ್ನ ಚೀರಾಟ ಕೇಳಿ ಅಕ್ಕಾವರೂ ಕ್ಷಮಾಳೂ ಓಡಿ ಬಂದರು. ಕ್ಷಮಾಳ ಕೈಯಲ್ಲಿ ಊಟದ ಡಬ್ಬಿ ಇತ್ತು, ಬೆಳಗ್ಗೆ ತಂದದ್ದು ಇನ್ನೂ ಬಿಚ್ಚಿರಲಿಲ್ಲ. ಆಗ ಖೋಲಿಯೊಳಗಿಂದ ಬೇರೆ ದನಿಯೊಂದು ಬಂತು. ಹುಡುಗಿಯ ದನಿ, ಎಳೆಯದು.

"ಅವ್ವಾ... ಚಳಿ ಆಗಾಕತ್ತೇತಿ ಅವ್ವಾ..."

ಡಬ್ಬಿ ಕೆಳಗೆ ಬಿತ್ತು. ರೊಟ್ಟಿ, ಕಾಳಿನ ಪಲ್ಯ ಎಲ್ಲ ಕಲ್ಲಿನ ಮೇಲೆ ಚೆಲ್ಲಾಪಿಲ್ಲಿಯಾಯಿತು. ಕ್ಷಮಾ ಅದನ್ನು ಬಳಿಯಲೂ ಇಲ್ಲ, ಸೆರಗಿಲ್ಲದ ಯೂನಿಫಾರ್ಮಿನ ತೋಳಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಓಡಿದಳು.

"ಅಂಜಿದಳ್ರಿ ಪಾಪ" ಎಂದೆ.

"ಅಕೀ ಮಗಳು ಸಿದ್ಧಿಗಿ ಜ್ವರ ಅಂದಿದ್ದಳಲ್ಲಾ?" ಎಂದರು ಅಕ್ಕಾವರು. "ಎಷ್ಟ ದಿನಾ ಆತು ಆ ಕೂಸನ್ನ ನೋಡಿ?"

"ಭಾಳ ದಿನಾ ಆತ್ರಿ. ಮೊದಲ ಸಾಲಿ ಬಿಟ್ಟಕೂಡ್ಲೆ ಇಲ್ಲೇ ಬರತಿದ್ದಳು, ನನ್ನ ಟೋಪಿ ಹಾಕ್ಕೊಂಡ ಕುಣೀತಿದ್ದಳು."

ಅಕ್ಕಾವರ ಮುಖ ಇಳಿಯಿತು. ಅವರು ಹಾಗೆ ಮಂಕಾಗಿದ್ದನ್ನು ನಾನು ಕಂಡವನಲ್ಲ. ಕಳ್ಳ ಸಿಕ್ಕಾಗ ಅವರು ಬೆಲ್ಲದ ಚೂರು ಬಾಯಿಗೆ ಹಾಕುವುದು ವಾಡಿಕೆ. ಆ ದಿನ ಕಿಸೆಗೆ ಹೋದ ಕೈ ಬರಿದೇ ಹೊರಗೆ ಬಂತು. "ಎಲ್ಲಾರನ್ನೂ ಬಾವಿ ಕಟ್ಟಿಗಿ ಕರಿ. ಹೊತ್ತ ಭಾಳ ಇಲ್ಲ" ಎಂದರು.

ಸೂರ್ಯ ನೀರಿನ ಟ್ಯಾಂಕಿಯ ಕೆಳಗೆ ಇಳಿದಿದ್ದ. ಬಾವಿಯ ಸುತ್ತ ಸಾಹೇಬರು, ಕ್ಷಮಾ, ನಾನು, ಆಗಷ್ಟೇ ತೇರದಾಳದಿಂದ ಬಂದ ಭೂಪಾಲ ನಿಂತೆವು. ಭೂಪಾಲ ಆಗಲೇ ಅಳುವ ಹಾಗಾಗಿದ್ದ. ನಮ್ಮೆಲ್ಲರ ನೆರಳು ಹಿಂಬಾಗಿಲಿನ ಕಡೆ ಬಿಗಿಯಾಗಿ ಎಳೆದು ನಿಂತಿತ್ತು. ಒಳಗಿನಿಂದ ಕಬ್ಬಿಣ ಬಾಗುವ ಕಿರ್ರೆಂಬ ಸದ್ದು ಬರುತ್ತಿತ್ತು.

"ಮಹಾದೇವಿಯವರ, ಲಗೂ ಹೇಳ್ರಿ" ಎಂದರು ಸಾಹೇಬರು. ಅವರ ದನಿಯೂ ಬಾಗಿತ್ತು.

"ಹೇಳತೇನ್ರಿ. ಮೊದಲ ಕೊಡಾ. ಒದ್ದು ಉರುಳಿಸಿದ್ರ ತಾಮ್ರದ ಕೊಡಕ್ಕ ನೆಗ್ಗ ಬೀಳತಿತ್ತು. ಬಿದ್ದಿಲ್ಲ. ಯಾರೋ ಎರಡೂ ಕೈಲೆ ಬಗ್ಗಿಸಿ, ನೀರ ಹೊಯ್ದು, ಮೆಲ್ಲಕ ಮಲಗಿಸ್ಯಾರ. ಅಂದಮ್ಯಾಲ ಅಮಸಿದ್ದಪ್ಪನ ಬೇಪರವಾಯಿ ಅಲ್ಲ. ಬೇಕಂತ ಮಾಡಿದ್ದು."

ನಾನು ಸಾಹೇಬರನ್ನು ನೋಡಿದೆ. ಅವರು ಟ್ಯಾಂಕಿ ನೋಡಿದರು.

"ಎರಡನೇದು, ಚೆಲ್ಲಿದ ನೀರು. ಬೇವಿನ ಹೂವಿಲ್ಲ, ಪಾಚಿ ಇಲ್ಲ. ಬಾವಿ ನೀರು ಅಷ್ಟ ಸ್ವಚ್ಛ ಆಗಬೇಕಂದ್ರ ಅದನ್ನ ಬಟ್ಟಿಲೆ ಸೋಸಿರಬೇಕು. ಕೊಲ್ಲಾಕ ಬಂದವರು ಚೆಲ್ಲೂ ನೀರ ಯಾಕ ಸೋಸತಾರ? ಇಲ್ಲೇ ನಾ ಮುಂಜಾನಿಂದ ತಲಿ ಕೆಡಿಸ್ಕೊಂಡೆ. ಆಮ್ಯಾಲ ಈ ಚರಿಗಿ ನೋಡಿದೆ. ಭೂಪಾಲಣ್ಣಾ, ಇದರ ಕೆಲಸ ಏನ ಹೇಳ್ರಿ."

ಭೂಪಾಲ ಕೈ ಮುಗಿದ. "ಮಾಟಾ ಅಲ್ರೀ ಸಾಹೇಬ್ರ. ನಾವು ನೀರ ಸೋಸಿದಮ್ಯಾಲ ಬಟ್ಟಿಯಾಗ ಸಣ್ಣ ಸಣ್ಣ ಜೀವ ಉಳೀತಾವಲ್ರೀ, ಅವನ್ನ ಸಾಯಾಕ ಬಿಡಂಗಿಲ್ಲ. ಸೋಸಿದ ನೀರಿಲೆ ಬಟ್ಟಿ ತೊಳದು, ಯಾವ ಬಾವಿ ನೀರೋ ಆ ಬಾವಿಗೇ ತಿರುಗಿ ಬಿಡಬೇಕು. ಮ್ಯಾಲಿಂದ ಸುರುವಿದ್ರ ಪೆಟ್ಟ ಆಕ್ಕೈತಿ. ಅದಕ್ಕ ಚರಿಗಿ ನೀರಿನ ತನಕಾ ಇಳಿಸಿ, ತಳದ ಹಗ್ಗ ಜಗ್ಗತೇವಿ. ಚರಿಗಿ ನೀರಾಗ ಮೆಲ್ಲಕ ಬೋರಲಾಕ್ಕೈತಿ. ಅಷ್ಟರೀ."

"ಅಂದ್ರ ಸೋಸಿದವರು ನಮ್ಮ ಜೈನ ಮಂದಿ" ಎಂದರು ಅಕ್ಕಾವರು. ನಮ್ಮ ಎನ್ನುವಾಗ ಅವರ ದನಿ ತುಸು ತಡವರಿಸಿತು. "ಭೂಪಾಲಣ್ಣ ತೇರದಾಳದಾಗ ಇದ್ರು, ಸೋಸೂ ಬಟ್ಟೀನೂ ಅವರ ಹಂತೇಕ ಇತ್ತು. ನಾ ಬಸ್ಸಿನಾಗ ಇದ್ದೆ. ಇಲ್ಲೇ ಸೋಸಿದವರ ಹಂತೇಕ ಬಟ್ಟಿ ಇರಲಿಲ್ಲ. ನನ್ನ ನಳದ ಚೀಲ ಕೊಡಕ್ಕ ಸಾಲೂದಿಲ್ಲ, ದೊಡ್ಡದು, ದಪ್ಪಂದು ಬೇಕಾ ಬೇಕು. ಅವರು ಸಾಹೇಬ್ರ ಟೇಬಲ್ ಕ್ಲಾತ್ ತಗೊಂಡ್ರು. ಕಲೆ ಎಲ್ಲಾ ಹಳೇವು, ಹಸಿ ಆಗಿದ್ದು ನಡುವ ಅಷ್ಟ, ಕೊಡದ ಬಾಯಿಯಷ್ಟ ಅಗಲ. ಸಾಹೇಬ್ರು ಮಾಳಿಗಿ ಮ್ಯಾಲ ಇದ್ದಾಗ ಅವರ ಕೋಣಿಗಿ ಹೊಕ್ಕು ಬರೂ ಅಷ್ಟ ಒಳಗಿನವರು ಯಾರು? ಉಳಿದಾಕಿ ಒಬ್ಬಾಕೀನ."

ಯಾರೂ ತಿರುಗಿ ನೋಡಬೇಕಾಗಲಿಲ್ಲ. ಕ್ಷಮಾ ಬಾವಿಯ ಕಟ್ಟೆಗೆ ಆತು ಕುಸಿದು ಕೂತಳು.

"ಸಿದ್ಧಿಗಿ ಜ್ವರಾ ಅಲ್ಲಕ್ಕಾ" ಎಂದಳು. "ಅದನ್ನ ಹಿಡಿಯೂ ಮೊದಲ, ಸಾಲಿ ಬೈಲಾಗ, ಅಕೀ ನೆರಳ ನುಂಗೇತಿ. ಹೇಳಿದ್ರ ನನಗ ಕಾವಲಿಗಿ ಬಿಡೂದಿಲ್ಲ ಅಂತ ಮುಚ್ಚಿಟ್ಟೆ. ಅದರ ಮುಂದ ನಿಂತರ ಅಕೀ ದನಿಯರ ಕೇಳತಿತ್ತು. 'ಹವಾಲ್ದಾರನ್ನ ಒಣಗಸು, ನಿನ್ನ ಕೂಸಿನ ನೆರಳ ಬಿಡತೇನಿ' ಅಂತು. ನಿನ್ನಿ ಸಂಜಿಮುಂದ ಅಕೀ ಕೈ ಹಿಡದ್ರ ಕೈಯಾಗ ಏನೂ ಇಲ್ಲದಂಗ ಆತಕ್ಕಾ. ಗಂಗಾರಾಮಗ ಆದಂಗ ಆಕ್ಕೈತಿ ಅಂತ ಅಂಜಿ..." ಅವಳು ತೋಳಿನಿಂದ ಮುಖ ಒರೆಸಿಕೊಂಡಳು. "ನಾ ಕೊಂದೇನಿ. ಮೀಸಿ ಮೀನು ಅಂತ ದಿನಾ ನಗಸತಿದ್ದ ಮನಶ್ಯಾನ್ನ ಕೊಂದೇನಿ. ಅದೂ ನೆರಳ ಕೊಡಲಿಲ್ಲ, ನಕ್ಕು ಸುಮ್ಮನಾತು" ಎಂದಳು.

ಒಳಗೆ ಒಂದು ಸರಳು ಠಣ್ಣೆಂದು ಮುರಿದು ಬಿತ್ತು. ಭೂಪಾಲ ನನ್ನ ತೋಳು ಹಿಡಿದ. ನಾನು ಅವನ ತೋಳು ಹಿಡಿದೆ.

"ಕೊಲ್ಲಾಕ ಹೊಂಟಾಕಿ ಸೋಸಿದ್ಯಾಕ?" ಎಂದರು ಅಕ್ಕಾವರು ಕ್ಷಮಾಳ ಹತ್ತಿರ ಕೂತು.

"ಕಾದ ಕಲ್ಲಿನ ಮ್ಯಾಲ ಸೋಸಲಾರದ ನೀರ ಹ್ಯಾಂಗ ಹೊಯ್ಯೂದಕ್ಕಾ? ನಮ್ಮ ಅಜ್ಜಿ ಕೈ ಹಿಡದು ಕಲಿಸ್ಯಾಳ. ಹೊಸ್ತಿಲದಾಗ ಕೊಡಾ ಬಗ್ಗಿಸಾಕ ಹೋಗಿ ತಿರುಗಿ ಎತ್ತಿಕೊಂಡೆ. ಬಾವಿಗಿ ತಂದು ಬಕೀಟಿಗಿ ಸುರುವಿದೆ, ಕೊಡದ ಬಾಯಿಗಿ ಬಟ್ಟಿ ಹಾಕಿ ತಿರುಗಿ ಸೋಸಿದೆ, ಬಟ್ಟಿ ತೊಳದು ಚರಿಗಿಲೆ ಬಾವಿಗಿ ಬಿಟ್ಟೆ. ಆಮ್ಯಾಲ ತಂದು ಹೊಯ್ದೆ. ಅವರು ನೀರಾಗ ಉಪ್ಪ ಕರಗಿದಂಗ ಇರತಾರ, ಬಟ್ಟಿಗಿ ಸಿಗೂದಿಲ್ಲ ಅಂತನ ತಿಳಕೊಂಡಿದ್ದೆ."

ಅಕ್ಕಾವರು ನನ್ನ ಕಡೆ ತಿರುಗಿದರು. "ಅಮಸಿದ್ದಪ್ಪಾ, ಮೀನು ಹವಾಲ್ದಾರನ ಏನ ಕಚ್ಚತಾವ?"

"ಮೀಸಿ ಕಚ್ಚತಾವರಿ."

"ಕರಗಿದ ಉಪ್ಪಿಗಿ ಮೀಸಿ ಇರತೈತೇನು?"

ನಾನು ಬಾವಿಯೊಳಗೆ ಬಗ್ಗಿ ನೋಡಿದೆ.

"ಮೀನಿನ ಬಾಯಿಗಿ ಸಿಗೂ ಮೀಸಿ ಬಟ್ಟಿಗೂ ಸಿಗತೈತಿ. ಕಲ್ಲಿನ ಮ್ಯಾಲ ಆರಿದ್ದು ಬರೇ ನೀರು. ಹವಾಲ್ದಾರ್ರು ಬಟ್ಟಿಯಾಗ ಉಳದು, ಚರಿಗಿಯಾಗ ಕೂತು, ಪೆಟ್ಟಿಲ್ಲದ ತಮ್ಮ ಮನಿಗಿ ಮುಟ್ಟ್ಯಾರ. ಸತ್ತಾರಂತ ನಾವ್ಯಾರೂ ಕರೀಲಿಲ್ಲ. ಸಾಹೇಬ್ರು ಬಾವಿ ಮುಟ್ಟಬ್ಯಾಡ್ರಿ ಅಂದ್ರು. ಕರೀಲಾರದ ಬರೂ ಮನಶ್ಯಾ ಅಲ್ಲ ಅಂವ." ಅಕ್ಕಾವರು ಪಟ್ಟಿ ಕಿತ್ತು, ಕೊಡದ ಹಗ್ಗವನ್ನು ಕ್ಷಮಾಳ ಕೈಗಿಟ್ಟರು. "ಇದು ನಾ ತಿಳದಿದ್ದು. ಖರೇನೋ ಸುಳ್ಳೋ ಬಾವೀನ ಹೇಳಬೇಕು. ನೀನಾ ಕರಿ."

ಕ್ಷಮಾ ಎದ್ದಳು. ಕೊಡ ರಾಟೆಯ ಮೇಲೆ ಗಡಗಡ ಇಳಿಯಿತು. ಹಿಂಬಾಗಿಲಿನಲ್ಲಿ ಕತ್ತಲು ಮೊಣಕಾಲೆತ್ತರ ಹರಿದು ಬಂದಿತ್ತು. ನನ್ನ ನೆರಳಿನ ತಲೆ ಅದರೊಳಗೆ ಮುಳುಗಿತ್ತು, ನನ್ನ ತಲೆ ಮಂಜಿನಂತೆ ಥಣ್ಣಗಾಗಿತ್ತು. ಬೀರಪ್ಪಾ ಬೀರಪ್ಪಾ ಎನ್ನುತ್ತ ಇದ್ದಬದ್ದ ಭಂಡಾರವನ್ನೆಲ್ಲ ಸಾಹೇಬರ ತಲೆಗೂ ಸೇರಿಸಿ ಎರಚಿದೆ.

"ಗಿರಮಲ್ಲಪ್ಪ ಹವಾಲ್ದಾರ್ರ..." ಕ್ಷಮಾಳ ದನಿ ಒಡೆಯಿತು. "ಡ್ಯೂಟಿಗೆ ಬರ್ರಿ."

ಬಾವಿ ಸುಮ್ಮನಿತ್ತು. ಆಮೇಲೆ ಕೆಳಗಿನಿಂದ ಒಂದು ಸೀನು ಕೇಳಿತು. ಹಗ್ಗ ಬಿಗಿಯಿತು.

"ಯಾವಾಕೀಬೇ ನನ್ನ ಸೋಸಿದಾಕಿ?" ಕೊಡದೊಳಗಿಂದ ದನಿ ಮೇಲೆ ಬಂತು. "ಮೈಯೆಲ್ಲಾ ಹಳೇ ಚಹಾದ ವಾಸನಿ! ಮುಂಜಾನಿಂದ ತೊಳಕೊಳ್ಳಾಕತ್ತೇನಿ, ಹೋಗವಲ್ದು!"

ನಾನು ಅತ್ತೆ. ನಾಚಿಕೆಯೇನಿಲ್ಲ, ಸಾಹೇಬರೂ ಅತ್ತರು.

ಕ್ಷಮಾ ಕೊಡವನ್ನು ಸೊಂಟಕ್ಕಿಟ್ಟುಕೊಂಡು ನೇರ ಆ ಕತ್ತಲೊಳಗೆ ನಡೆದಳು. ನಮ್ಮಲ್ಲಿ ಒಬ್ಬರೂ ಹಿಂದೆ ಹೋಗಲಿಲ್ಲ. ಒಳಗಿನಿಂದ ಗಿರಮಲ್ಲಪ್ಪನ ಗದರಿಕೆ, "ಏ, ಹಿಂದ ಸರೀಲೇ!" ಎಂಬುದಷ್ಟೇ ಕೇಳಿತು. ತಿನ್ನಲು ಏನೂ ಇಲ್ಲದವನು, ಸಾವಿಗೂ ಸಿಗದವನು ಎರಡನೇ ಸಲ ಎದುರಿಗೆ ಬಂದಾಗ ಅದು ಎಷ್ಟು ಅಂಜಿತೆಂದರೆ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಾರಿಕೊಂಡು ಖೋಲಿಯ ಮೂಲೆ ಸೇರಿತು. ನೆರಳುಗಳು ಬಾಗಿಲಿನಿಂದ ತೆವಳುತ್ತ ಬಂದು ದಿಕ್ಕುದಿಕ್ಕಿಗೆ ಹೋದವು. ನನ್ನ ಎಡಗಿವಿಯ ತುಣುಕು ಮಾತ್ರ ಆ ಗದ್ದಲದಲ್ಲಿ ಎಲ್ಲಿ ಹೋಯಿತೋ. ಗಂಗಾರಾಮನದು ಎಲ್ಲಿಗೆ ಹೋಗುವುದೋ ತಿಳಿಯದೆ ಬಾವಿಯ ಕಟ್ಟೆಯ ಹತ್ತಿರ ನಿಂತುಕೊಂಡಿತು. ಕೊನೆಗೆ ಎರಡು ಜಡೆಯ ಸಣ್ಣದೊಂದು ಬಂದು, ಕೊಡ ಹೊಸ್ತಿಲಲ್ಲಿಟ್ಟು ಹೊರಬಂದ ಕ್ಷಮಾಳ ಕಾಲಿಗೆ ಒಮ್ಮೆ ಸುತ್ತಿ, ರಬಕವಿಯ ಕಡೆ ಓಡಿತು.

ಸಾಹೇಬರು ಕಣ್ಣೊರೆಸಿಕೊಂಡು ಕೇಸು ಎಂದರು. ಯಾವ ಸೆಕ್ಷನ್ ಎಂದು ಮಾತ್ರ ಹೊಳೆಯಲಿಲ್ಲ. "ಕೊಲೆಯಾದಾಂವ ನಾನು" ಎಂದಿತು ಒಳಗಿನಿಂದ ಕೊಡ. "ನನ್ನ ಕೇಳಲಾರದ ಎಂಥಾ ಕೇಸ್ರೀ? ಇನ್ನ ಮುಂದ ದಿನಾ ಮುಂಜಾನಿ ಈ ಹೆಣಮಗಳ ನನ್ನ ಕೊಡಾ ಬದಲಿಸಬೇಕು, ಮೀನಿನ ತಕರಾರ ಕೇಳಬೇಕು. ಅಮಸಿದ್ದಪ್ಪ ಬರೇ ಹೂಂ ಅಂತಾನ, ಕೇಳೂದಾ ಇಲ್ಲ."

ಕ್ಷಮಾ ಅಕ್ಕಾವರ ಕಾಲಿಗೆ ಬೀಳಲು ಬಗ್ಗಿದಳು. ಅವರು ತೋಳು ಹಿಡಿದು ಎತ್ತಿದರು. ಟ್ಯಾಂಕಿಯ ಕಡೆ ನೋಡಿದರು. ಇನ್ನೊಂದು ಗೇಣು ಹೊತ್ತಿತ್ತು.

"ಮಾತ ಸಾಕು. ಕೂಸು ಎಷ್ಟ ದಿನದಿಂದ ಉಂಡಿಲ್ಲೋ ಏನೋ. ಹೊತ್ತ ಮುಳುಗೂದ್ರಾಗ ಹೋಗಿ ಉಣಸು. ಅಮಸಿದ್ದಪ್ಪಾ, ಗಾಡಿ ತಗಿ!"

ಜೀವಮಾನದಲ್ಲಿ ನಾನು ಬೈಕನ್ನು ಅಷ್ಟು ಜೋರಾಗಿ ಹೊಡೆದಿಲ್ಲ. ಕ್ರಾಸಿನಲ್ಲಿ ಬೇತಾಳ ಸೀಟಿ ಊದಿತು, ನಾನೂ ಕ್ಯಾರೇ ಅನ್ನಲಿಲ್ಲ. ಬನಹಟ್ಟಿಯಲ್ಲಿ ಒಂದೊಂದೇ ಮಗ್ಗ ಮತ್ತೆ ಕಟಕಟ ಶುರುವಾಗುತ್ತಿತ್ತು. ಹಿಂದೆ ಕೂತ ಕ್ಷಮಾ ನನ್ನ ಹೆಗಲನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದಿದ್ದಳು.

ಮನೆಯ ಕಟ್ಟೆಯ ಮೇಲೆ ಸಿದ್ಧಿ ಕೌದಿ ಹೊದ್ದು ಕೂತಿದ್ದಳು. ಕಡೆಯ ಬಿಸಿಲು ಅವಳ ಮೈಮೇಲೆ ಬಿದ್ದಿತ್ತು. ಹಿಂದಿನ ಸುಣ್ಣದ ಗೋಡೆಯ ಮೇಲೆ ಎರಡು ಜಡೆಯ ಕಪ್ಪು ನೆರಳು ಉದ್ದಕ್ಕೆ ನಿಂತಿತ್ತು. ಅವಳು ಕೌದಿ ತೆಗೆದು ಬಿಸಾಡಿ ಎದ್ದಳು.

"ಅವ್ವಾ, ಎಲ್ಲಿ ಹೋಗಿದ್ದಿಬೇ? ಹೊತ್ತ ಮುಳುಗತೈತಿ. ಲಗೂ ರೊಟ್ಟಿ ಕೊಡ, ಭಾಳ ಹಸದೇನಿ."